ಮಂಡಿ ಸವೆದ ಮೇಲೆ ಬಂದ ಪಟ್ಟ

2024ರ ಜನವರಿ 27ರ ರಾತ್ರಿ ಮೆಲ್ಬರ್ನ್‌ನ ರಾಡ್ ಲೇವರ್ ಅರೀನಾದಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಟ್ರೋಫಿ ಎತ್ತಿ ಹಿಡಿದಾಗ ರೋಹನ್ ಬೋಪಣ್ಣ ಅವರಿಗೆ 43 ತುಂಬಿ ಹತ್ತು ತಿಂಗಳು ದಾಟಿತ್ತು. ನೆಟ್‌ನ ಆಚೆ ಸೋತು ನಿಂತಿದ್ದ ಇಬ್ಬರಲ್ಲಿ ಒಬ್ಬರಾದ ಇಟಲಿಯ ಆಂಡ್ರಿಯಾ ವವಸೊರಿ ಹುಟ್ಟಿದ್ದು 1995ರಲ್ಲಿ. ಆ ಹೊತ್ತಿಗೆ ಕೊಡಗಿನ ಈ ಹುಡುಗ ರ‍್ಯಾಕೆಟ್ ಹಿಡಿದು ನಾಲ್ಕು ವರ್ಷವಾಗಿತ್ತು. 1968ರಲ್ಲಿ ವೃತ್ತಿಪರ ಆಟಗಾರರಿಗೂ ಗ್ರ್ಯಾನ್‌ಸ್ಲಾಮ್ ಬಾಗಿಲು ತೆರೆದ ಮೇಲೆ, ಅಂದರೆ ಓಪನ್ ಯುಗದಲ್ಲಿ, ಅಷ್ಟು ವಯಸ್ಸಾದ ಯಾರೂ ಪುರುಷರ ಡಬಲ್ಸ್ ಪ್ರಶಸ್ತಿ ಗೆದ್ದಿರಲಿಲ್ಲ. ಎರಡು ದಿನ ಕಳೆದು ಹೊಸ ರ‍್ಯಾಂಕಿಂಗ್ ಪಟ್ಟಿ ಬಂತು. ಡಬಲ್ಸ್‌ನ ಮೊದಲ ಸಾಲಿನಲ್ಲಿ ಬೋಪಣ್ಣ ಅವರ ಹೆಸರಿತ್ತು. ಮೊದಲ ಬಾರಿಗೆ ಅಗ್ರಪಟ್ಟಕ್ಕೇರಿದವರಲ್ಲಿ ಅದುವರೆಗಿನ ಹಿರಿಯ ಅಮೆರಿಕದ ರಾಜೀವ್ ರಾಮ್. ಅವರು ಅಲ್ಲಿ ತಲುಪಿದ್ದು 38ರಲ್ಲಿ.

ಆ ವಾರ ಎಲ್ಲೆಡೆ ಕೇಳಿಬಂದದ್ದು ಒಂದೇ ಮಾತು: ವಯಸ್ಸು ಬರೀ ಸಂಖ್ಯೆ. ಕೇಳಲು ಹಿತವಾದ ಮಾತು, ಆದರೆ ನಿಜವಲ್ಲ. ಬೋಪಣ್ಣ ಅವರ ಎರಡೂ ಮಂಡಿಗಳಲ್ಲಿ ಮೃದ್ವಸ್ಥಿ ಸವೆದುಹೋಗಿತ್ತು. ಅದನ್ನು ಅವರೇ ಹಲವು ಸಲ ಹೇಳಿಕೊಂಡಿದ್ದಾರೆ. ಒಂದು ಕಾಲಕ್ಕೆ ದಿನಕ್ಕೆ ಎರಡು ಮೂರು ನೋವಿನ ಮಾತ್ರೆ ನುಂಗಿ ಅಂಗಳಕ್ಕಿಳಿಯುತ್ತಿದ್ದರು. ವಯಸ್ಸು ಅವರಿಂದ ಕಿತ್ತುಕೊಳ್ಳಬೇಕಾದುದನ್ನೆಲ್ಲ ಕಿತ್ತುಕೊಂಡಿತ್ತು. ಉಳಿದಿದ್ದರಲ್ಲಿ ಏನೇನು ಕೆಲಸಕ್ಕೆ ಬರುತ್ತದೆ ಎಂದು ಲೆಕ್ಕ ಹಾಕಿ, ಆ ಲೆಕ್ಕಕ್ಕೆ ಹೊಂದುವ ಆಟವನ್ನು ಅವರು ಕಟ್ಟಿಕೊಂಡರು. ಗೆದ್ದದ್ದು ಆ ಲೆಕ್ಕಾಚಾರ.

ಮಂಡಿಯಲ್ಲಿ ತೊಡೆಯ ಎಲುಬೂ ಕಾಲಿನ ಎಲುಬೂ ಸೇರುವ ಕಡೆ, ಒಂದಕ್ಕೊಂದು ಉಜ್ಜದಂತೆ ಎರಡರ ತುದಿಗೂ ನುಣುಪಾದ ಒಂದು ಪದರ ಹೊದಿಸಿರುತ್ತದೆ. ಅದೇ ಮೃದ್ವಸ್ಥಿ. ಅದಕ್ಕೆ ರಕ್ತನಾಳಗಳಿಲ್ಲ. ಚರ್ಮ ಹರಿದರೆ ಕೂಡುತ್ತದೆ, ಎಲುಬು ಮುರಿದರೂ ಕೂಡುತ್ತದೆ. ಇದು ಸವೆದರೆ ಹೇಳಿಕೊಳ್ಳುವ ಮಟ್ಟಿಗೆ ಮರಳಿ ಬೆಳೆಯುವುದಿಲ್ಲ. ಟೆನಿಸ್ ಆಟಗಾರ ಓಡುವುದು ನೇರ ದಾರಿಯಲ್ಲಲ್ಲ. ಓಡಿ, ಗಕ್ಕನೆ ನಿಂತು, ತಿರುಗಿ, ಮತ್ತೆ ನುಗ್ಗಬೇಕು. ಗಟ್ಟಿ ನೆಲದ ಅಂಗಳದಲ್ಲಿ ಹಾಗೆ ನಿಂತಾಗಲೆಲ್ಲ ಮೈಭಾರದ ಹಲವು ಪಟ್ಟು ಒತ್ತಡ ಮಂಡಿಯ ಮೇಲೆ ಬೀಳುತ್ತದೆ. ಇಪ್ಪತ್ತು ವರ್ಷ, ವರ್ಷದ ಹೆಚ್ಚಿನ ವಾರಗಳಲ್ಲಿ ಹೀಗೆಯೇ ಆಡಿದರೆ ಆ ಪದರ ಎಷ್ಟು ಉಳಿದೀತು?

ಕಳೆದುಹೋಗುವುದು ಮಂಡಿಯೊಂದೇ ಅಲ್ಲ. ಉಸಿರಾಟದಿಂದ ದೇಹ ಬಳಸಿಕೊಳ್ಳಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣ ಮೂವತ್ತು ದಾಟಿದ ಮೇಲೆ ಸಾಮಾನ್ಯವಾಗಿ ದಶಕಕ್ಕೆ ಶೇ 10ರ ಆಸುಪಾಸು ಇಳಿಯುತ್ತದೆ. ತಪ್ಪದೆ ವ್ಯಾಯಾಮ ಮಾಡುವವರಲ್ಲಿ ಈ ಇಳಿತ ನಿಧಾನ, ಆದರೆ ಇಳಿತವಂತೂ ಇದ್ದೇ ಇದೆ. ಸ್ನಾಯುವಿನಲ್ಲಿ ಎರಡು ಬಗೆಯ ಎಳೆಗಳಿವೆ. ಥಟ್ಟನೆ ಸೆಟೆದು ಚಿಮ್ಮಿಸುವ ವೇಗದ ಎಳೆಗಳು ಮೊದಲು ಸೊರಗುತ್ತವೆ, ಬಹಳ ಹೊತ್ತು ದುಡಿಯುವ ನಿಧಾನದ ಎಳೆಗಳು ಉಳಿಯುತ್ತವೆ. ಹಾಗಾಗಿ ವಯಸ್ಸಾದ ಆಟಗಾರ ಮೊದಲು ಕಳೆದುಕೊಳ್ಳುವುದು ದಮ್ಮನ್ನಲ್ಲ, ಆ ಮೊದಲ ಎರಡು ಹೆಜ್ಜೆಯನ್ನು. ಅದಕ್ಕಿಂತ ದೊಡ್ಡ ಪೆಟ್ಟು ಮರುದಿನ ಬೆಳಿಗ್ಗೆ ಕಾದಿರುತ್ತದೆ. ಇಪ್ಪತ್ತೆರಡರ ಹುಡುಗ ಐದು ಸೆಟ್ ಆಡಿ, ಮಲಗಿ ಎದ್ದು ಮತ್ತೆ ಆಡುತ್ತಾನೆ. ಮೂವತ್ತೆಂಟರವನಿಗೆ ಹಾಸಿಗೆಯಿಂದ ಕಾಲು ಕೆಳಗಿಡುವುದೇ ಒಂದು ಕೆಲಸ.

ಅರವತ್ತಕ್ಕೆ ಅರಳು ಮರಳು ಎನ್ನುವುದು ಊರಿನ ಲೆಕ್ಕ. ಟೆನಿಸ್‌ನಲ್ಲಿ ಬಹುಕಾಲ ಮೂವತ್ತಕ್ಕೇ ಆ ಶಾಸ್ತ್ರ ಮುಗಿದುಬಿಡುತ್ತಿತ್ತು. ಬೋರಿಸ್ ಬೆಕರ್ 17ರಲ್ಲಿ ವಿಂಬಲ್ಡನ್ ಗೆದ್ದರು. ಬ್ಯೋರ್ನ್ ಬೋರ್ಗ್ 26ಕ್ಕೇ ಆಟ ಬಿಟ್ಟರು. ನಡುವೆ ಅಪವಾದಗಳೂ ಇದ್ದವು. ಕೆನ್ ರೋಸ್‌ವಾಲ್ 37ರಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದು, 1974ರಲ್ಲಿ 39ರ ವಯಸ್ಸಿಗೆ ವಿಂಬಲ್ಡನ್ ಮತ್ತು ಅಮೆರಿಕ ಓಪನ್ ಎರಡರಲ್ಲೂ ಫೈನಲ್ ತಲುಪಿದರು. ಎರಡರಲ್ಲೂ ಅವರನ್ನು ಸೋಲಿಸಿದ ಹುಡುಗ ಜಿಮ್ಮಿ ಕಾನರ್ಸ್. ಅದೇ ಕಾನರ್ಸ್ 1991ರಲ್ಲಿ 39ರವರಾಗಿ ನ್ಯೂಯಾರ್ಕ್‌ನಲ್ಲಿ ಸೆಮಿಫೈನಲ್ ತನಕ ಹೋದರು. ಅಪವಾದವೆನಿಸಿದ್ದು ಪರಿಪಾಠವಾದದ್ದು ಈ ಶತಮಾನದಲ್ಲಿ. ರೋಜರ್ ಫೆಡರರ್ 36ರಲ್ಲಿ ಗ್ರ್ಯಾನ್‌ಸ್ಲಾಮ್ ಗೆದ್ದರು, ಸೆರೆನಾ ವಿಲಿಯಮ್ಸ್ 35ರಲ್ಲಿ ಗರ್ಭಿಣಿಯಾಗಿದ್ದಾಗಲೇ ಗೆದ್ದರು. ನೊವಾಕ್ ಜೊಕೊವಿಚ್ ಅವರಂತೂ 2024ರ ಜೂನ್‌ನಲ್ಲಿ ಮಂಡಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಜುಲೈನಲ್ಲಿ ವಿಂಬಲ್ಡನ್ ಫೈನಲ್ ಆಡಿ, ಆಗಸ್ಟ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ ಚಿನ್ನ ಕೊರಳಿಗೆ ಹಾಕಿಸಿಕೊಂಡರು. ಆಗ ಅವರಿಗೆ 37.

ಇದರ ಹಿಂದೆ ಹಣದ ಪಾತ್ರ ದೊಡ್ಡದು. ಬಹುಮಾನದ ಮೊತ್ತ ಏರಿದಂತೆ ಆಟಗಾರರು ತಮ್ಮದೇ ಫಿಸಿಯೊ, ತಮ್ಮದೇ ಅಡುಗೆಯವರು, ತಮ್ಮದೇ ವ್ಯಾಯಾಮ ತಜ್ಞರನ್ನು ಊರಿಂದೂರಿಗೆ ಕರೆದೊಯ್ಯುವಂತಾಯಿತು. ಆದರೂ ಸಿಂಗಲ್ಸ್‌ಗೊಂದು ಮಿತಿಯಿದೆ. 2025ರಲ್ಲಿ ಜೊಕೊವಿಚ್ ನಾಲ್ಕೂ ಗ್ರ್ಯಾನ್‌ಸ್ಲಾಮ್‌ಗಳಲ್ಲಿ ಸೆಮಿಫೈನಲ್ ತಲುಪಿದರು, ನಾಲ್ಕರಲ್ಲೂ ಅಲ್ಲಿಂದ ಮುಂದೆ ದಾಟಲಿಲ್ಲ. ಎರಡು ವಾರದ ಟೂರ್ನಿಯ ಕೊನೆಯ ಭಾಗದಲ್ಲಿ ಯಾನಿಕ್ ಸಿನ್ನರ್, ಕಾರ್ಲೊಸ್ ಅಲ್ಕರಾಜ್ ಅವರಂಥ ಹುಡುಗರ ಎದುರು ನಿಂತಾಗ ಸಾಲದೆ ಬರುವುದು ಕೌಶಲವಲ್ಲ.

ಡಬಲ್ಸ್‌ನ ಲೆಕ್ಕ ಬೇರೆ. ಸಿಂಗಲ್ಸ್ ಅಂಗಳದ ಅಗಲ 27 ಅಡಿ, ಅಷ್ಟನ್ನೂ ಒಬ್ಬನೇ ಕಾಯಬೇಕು. ಡಬಲ್ಸ್‌ನಲ್ಲಿ ಎರಡು ಬದಿಯ ಓಣಿ ಸೇರಿ ಅಗಲ 36 ಅಡಿ, ಇಬ್ಬರಿಗೆ ಹಂಚಿದರೆ ತಲಾ 18. ಓಟ ಅಲ್ಲಿಗೇ ಇಳಿಯಿತು. ಪಾಯಿಂಟ್‌ಗಳು ಚಿಕ್ಕವು. ಸರ್ವ್, ರಿಟರ್ನ್, ಒಂದು ವಾಲಿ, ಹೆಚ್ಚೆಂದರೆ ಇನ್ನೊಂದು. ಬಹುಪಾಲು ಅಷ್ಟರಲ್ಲೇ ಇತ್ಯರ್ಥ. ಮೇಲಾಗಿ 2006ರಿಂದೀಚೆಗೆ ಎಟಿಪಿ ಟೂರ್ನಿಗಳ ಡಬಲ್ಸ್‌ನಲ್ಲಿ ಡ್ಯೂಸ್ ಆದರೆ ಮುಂದಿನ ಒಂದೇ ಪಾಯಿಂಟ್‌ಗೆ ಗೇಮ್ ಮುಗಿಯುತ್ತದೆ. ಮೂರನೇ ಸೆಟ್ ಬದಲು ಹತ್ತು ಪಾಯಿಂಟ್‌ಗಳ ಟೈಬ್ರೇಕ್. ಗ್ರ್ಯಾನ್‌ಸ್ಲಾಮ್‌ಗಳಲ್ಲಿ ಇಷ್ಟು ಕತ್ತರಿ ಹಾಕಿಲ್ಲ, ಆದರೆ ಅಲ್ಲೂ ಈಗ ಆಟ ಮೂರು ಸೆಟ್‌ಗಷ್ಟೇ. ಐದು ಸೆಟ್‌ಗೆ ಅಂಟಿಕೊಂಡಿದ್ದ ವಿಂಬಲ್ಡನ್ ಕೂಡ 2023ರಲ್ಲಿ ಪುರುಷರ ಡಬಲ್ಸನ್ನು ಮೂರಕ್ಕೆ ಇಳಿಸಿತು.

ಹಾಗೆಂದು ಇದು ಮುದುಕರ ಆಟವಲ್ಲ. ಗಂಟೆಗೆ 200 ಕಿಲೊಮೀಟರ್ ವೇಗದಲ್ಲಿ ಹೊರಟ ಸರ್ವ್ ಎದುರಾಳಿಯ ರ‍್ಯಾಕೆಟ್ ತಲುಪಲು ಅರ್ಧ ಸೆಕೆಂಡಿನ ಆಸುಪಾಸು ಸಾಕು. ಡಬಲ್ಸ್‌ನಲ್ಲಿ ನೆಟ್‌ಗೆ ಅಂಟಿ ನಿಂತ ನಾಲ್ವರ ನಡುವೆ ಚೆಂಡು ಅದಕ್ಕಿಂತ ಕಡಿಮೆ ದೂರ, ಕಡಿಮೆ ಸಮಯದಲ್ಲಿ ಸುಳಿದಾಡುತ್ತದೆ. ನೋಡಿ, ಯೋಚಿಸಿ, ಹೊಡೆಯುತ್ತೇನೆ ಎನ್ನಲು ಪುರುಸೊತ್ತಿಲ್ಲ. ಎದುರಾಳಿಯ ಭುಜ ಎತ್ತ ತಿರುಗಿತು, ಚೆಂಡನ್ನು ಮೇಲೆಸೆದ ಕೈ ಎಷ್ಟು ಎಡಕ್ಕೆ ವಾಲಿತು ಎನ್ನುವುದರಿಂದಲೇ ಚೆಂಡು ಎಲ್ಲಿಗೆ ಬರುತ್ತದೆಂದು ಊಹಿಸಬೇಕು. ಈ ಊಹೆಯ ಬುತ್ತಿ ವಯಸ್ಸಿನೊಂದಿಗೆ ಬೆಳೆಯುತ್ತದೆ. ಸಾವಿರಾರು ಸರ್ವ್ ಎದುರಿಸಿದವನ ಕಣ್ಣು ಹುಡುಗನ ಕಾಲಿಗಿಂತ ಮೊದಲು ಹೊರಟಿರುತ್ತದೆ.

ಟಿ.ವಿ.ಯಲ್ಲಿ ಡಬಲ್ಸ್ ನೋಡುವಾಗ ಕಣ್ಣು ಚೆಂಡಿನ ಹಿಂದೆ ಹೋಗುತ್ತದೆ. ಒಂದೆರಡು ಗೇಮ್ ಅದನ್ನು ಬಿಟ್ಟು ನೆಟ್ ಬಳಿ ನಿಂತವನ ಬೆನ್ನನ್ನು ನೋಡಬೇಕು. ಜೊತೆಗಾರ ಸರ್ವ್ ಮಾಡಲು ಚೆಂಡು ಪುಟಿಸುತ್ತಿರುವಾಗ ಅವನ ಒಂದು ಕೈ ಬೆನ್ನ ಹಿಂದಿರುತ್ತದೆ. ಬೆರಳುಗಳು ಮಡಚುತ್ತವೆ, ಬಿಚ್ಚುತ್ತವೆ. ಸರ್ವ್ ಮೂಲೆಗೋ, ಮೈಗೋ, ನಡುಗೆರೆಗೋ. ರಿಟರ್ನ್ ಬಂದರೆ ನಾನು ಅಡ್ಡ ನುಗ್ಗುತ್ತೇನೋ, ಇಲ್ಲೇ ನಿಲ್ಲುತ್ತೇನೋ. ಎಲ್ಲವೂ ಆ ಸನ್ನೆಯಲ್ಲಿದೆ. ಎದುರಾಳಿ ಸರ್ವ್ ಮೇಲೆ ಕಣ್ಣಿಟ್ಟಿದ್ದಾಗ ಇವನು ಎಡಕ್ಕೆ ಒಂದು ಹೆಜ್ಜೆ ಸುಳ್ಳೇ ಇಟ್ಟು ಹಿಂದಕ್ಕೆ ಬರುತ್ತಾನೆ. ಆ ಒಂದು ಸುಳ್ಳು ಹೆಜ್ಜೆಗೆ ರಿಟರ್ನ್ ಹೊಡೆಯುವವನ ಮನಸ್ಸು ಬದಲಾಗಿ ಚೆಂಡು ನೆಟ್‌ಗೆ ಹೋಗುತ್ತದೆ. ಅಂಕಿ ಅಂಶಗಳ ಪಟ್ಟಿಯಲ್ಲಿ ಅದು ಎದುರಾಳಿಯ ತಪ್ಪು ಎಂದು ದಾಖಲಾಗುತ್ತದೆ. ಹಳೆಯ ಆಟಗಾರರ ಸಂಪಾದನೆಯಲ್ಲಿ ಅರ್ಧ ಹೀಗೆ ಬೇರೆಯವರ ಖಾತೆಯಲ್ಲಿ ಬಿದ್ದಿರುತ್ತದೆ.

ಇನ್ನು ಸರ್ವ್. ಟೆನಿಸ್‌ನಲ್ಲಿ ಯಾರೂ ಓಡಿಸದೆ, ನಿಂತಲ್ಲೇ ನಿಂತು, ನಮ್ಮ ಇಷ್ಟದ ಹೊತ್ತಿಗೆ ಹೊಡೆಯಬಹುದಾದ ಹೊಡೆತ ಇದೊಂದೇ. ಎತ್ತರ ಮತ್ತು ಲಯ ಇದ್ದರೆ ವಯಸ್ಸು ಇದನ್ನು ಕೊನೆಯಲ್ಲಿ ಮುಟ್ಟುತ್ತದೆ. ಆರಡಿ ಮೂರಂಗುಲದ ಬೋಪಣ್ಣ ಅವರ ದೊಡ್ಡ ಬಂಡವಾಳ ಮೊದಲಿನಿಂದಲೂ ಸರ್ವ್. ನಲವತ್ತರಲ್ಲಿ ಅವರು ಹೊಸ ಅಸ್ತ್ರವೇನನ್ನೂ ಕಂಡುಹಿಡಿಯಲಿಲ್ಲ. ಮೊದಲಿನಿಂದ ಇದ್ದ ಅಸ್ತ್ರ ತುಕ್ಕು ಹಿಡಿಯುವ ಬಗೆಯದಾಗಿರಲಿಲ್ಲ.

ಅಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಡಬಲ್ಸ್ ವಯಸ್ಸಿಗೆ ಇಷ್ಟು ಉದಾರಿಯಾದರೆ, ಇಪ್ಪತ್ತೈದು ಮೂವತ್ತರಲ್ಲಿ ಅವರು ಯಾಕೆ ಗೆಲ್ಲಲಿಲ್ಲ? ಉತ್ತರ ಬೇಕಾದರೆ ಕೊಡಗಿಗೆ ಹೋಗಬೇಕು. ಅದು ಹಾಕಿಯ ನಾಡು. ಕುಟುಂಬಕ್ಕೊಂದು ತಂಡ ಕಟ್ಟಿ ಟೂರ್ನಿ ಆಡುವ ಆ ನಾಡಿನಲ್ಲಿ ಕಾಫಿ ಬೆಳೆಗಾರರಾದ ಅವರ ತಂದೆಗೆ ಮಗ ಒಬ್ಬೊಬ್ಬರೇ ಆಡುವ ಆಟವನ್ನು ಆರಿಸಿಕೊಳ್ಳಲಿ ಎಂಬ ಆಸೆ. ಬೋಪಣ್ಣ ಟೆನಿಸ್ ಶುರುಮಾಡಿದ್ದು 11ನೇ ವಯಸ್ಸಿಗೆ. ಯುರೋಪಿನ ಮಕ್ಕಳು ಆ ಹೊತ್ತಿಗೆ ಐದಾರು ವರ್ಷದ ಅಭ್ಯಾಸ ಮುಗಿಸಿರುತ್ತಾರೆ. ಪುಣೆಯಲ್ಲಿ ತರಬೇತಿ, ಬೆಂಗಳೂರಿನಲ್ಲಿ ಕಾಲೇಜು, 2002ರಲ್ಲಿ ಡೇವಿಸ್ ಕಪ್, 2003ರಲ್ಲಿ ವೃತ್ತಿಪರ ಆಟ. ಆಗಲೇ 23. ಮುಂದಿನ ಹಲವು ವರ್ಷ ಅವರು ಬೆನ್ನು ಹತ್ತಿದ್ದು ಸಿಂಗಲ್ಸನ್ನು. 2007ರಲ್ಲಿ ತಲುಪಿದ 213ನೇ ಸ್ಥಾನವೇ ಅಲ್ಲಿ ಅವರ ಅತ್ಯುತ್ತಮ ಸಾಧನೆ. ಆ ಸ್ಥಾನದಲ್ಲಿರುವ ಆಟಗಾರ ಚಾಲೆಂಜರ್ ಟೂರ್ನಿಗಳಲ್ಲಿ ಗಳಿಸಿದ್ದನ್ನು ವಿಮಾನದ ಟಿಕೆಟ್‌ಗೆ ಕೊಟ್ಟು ಸರಿಮಾಡುತ್ತಾನೆ.

ಸಿಂಗಲ್ಸ್‌ನಲ್ಲೂ ಅವರ ಒಂದು ದೊಡ್ಡ ದಿನವಿತ್ತು, ಅದನ್ನು ಬಿಡುವಂತಿಲ್ಲ. 2010ರಲ್ಲಿ ಚೆನ್ನೈನಲ್ಲಿ ಬ್ರೆಜಿಲ್ ಎದುರಿನ ಡೇವಿಸ್ ಕಪ್ ಪಂದ್ಯದಲ್ಲಿ ಭಾರತ 0-2ರಿಂದ ಹಿಂದಿತ್ತು. ಅಲ್ಲಿಂದ 2-2ಕ್ಕೆ ಬಂದು, ನಿರ್ಣಾಯಕ ಐದನೇ ಪಂದ್ಯದಲ್ಲಿ ರಿಕಾರ್ಡೊ ಮೆಲ್ಲೊ ಅವರನ್ನು ಸೋಲಿಸಿದವರು ಬೋಪಣ್ಣ. ಅದೇ ತಿಂಗಳು ನ್ಯೂಯಾರ್ಕ್‌ನಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಅಮೆರಿಕ ಓಪನ್ ಡಬಲ್ಸ್ ಫೈನಲ್ ಆಡಿ, ಬ್ರಯಾನ್ ಸಹೋದರರಿಗೆ ಎರಡೂ ಸೆಟ್‌ಗಳನ್ನು ಟೈಬ್ರೇಕ್‌ನಲ್ಲಿ ಬಿಟ್ಟುಕೊಟ್ಟಿದ್ದರು. 2014ರಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕ್ ಅಂಗಳದಲ್ಲಿ ಸರ್ಬಿಯಾ ಎದುರು ಲಿಯಾಂಡರ್ ಪೇಸ್ ಜೊತೆಗೂಡಿ ಎರಡು ಸೆಟ್ ಹಿಂದಿದ್ದು ಐದನೇ ಸೆಟ್‌ನಲ್ಲಿ 8-6ರಿಂದ ಗೆದ್ದ ಪಂದ್ಯವನ್ನು ಅಲ್ಲಿದ್ದವರು ಮರೆತಿರಲಾರರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸಾನಿಯಾ ಮಿರ್ಜಾ ಜೊತೆ ಕಂಚಿನ ಪದಕದ ಪಂದ್ಯ ಸೋತರು. 2017ರಲ್ಲಿ ಕೆನಡಾದ ಗೇಬ್ರಿಯೆಲಾ ದಬ್ರೊವ್‌ಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದದ್ದು ಮೊದಲ ಗ್ರ್ಯಾನ್‌ಸ್ಲಾಮ್, ಆಗ 37. ಇಲ್ಲಿಗೇ ನಿಲ್ಲಿಸಿದ್ದರೂ ಅದು ಗೌರವದ ಬದುಕೇ. ಪೇಸ್, ಮಹೇಶ್ ಭೂಪತಿ ಅವರ ನೆರಳಿನಲ್ಲಿ ಬೆಳೆದ ಮೂರನೆಯವರು ಎಂದು ಬರೆದು ಮುಗಿಸಬಹುದಿತ್ತು.

2021ರಲ್ಲಿ ಅದು ಮುಗಿಯುವುದರಲ್ಲೇ ಇತ್ತು. ತಿಂಗಳುಗಟ್ಟಲೆ ಗೆಲುವಿಲ್ಲ. ಪೋರ್ಚುಗಲ್‌ನಲ್ಲಿ ಕಡಲಿನ ಕಡೆ ಮುಖ ಮಾಡಿ ಕೂತು, ಮನೆಯಲ್ಲಿ ಪುಟ್ಟ ಮಗಳಿದ್ದಾಳೆ, ಇಲ್ಲಿ ಒಂದು ಪಂದ್ಯ ಗೆಲ್ಲಲಾಗುತ್ತಿಲ್ಲ, ಯಾಕೆ ಆಡುತ್ತಿದ್ದೇನೆ ಎಂದು ಕೇಳಿಕೊಂಡದ್ದನ್ನು ಅವರು ಮುಂದೆ ಹೇಳಿಕೊಂಡಿದ್ದಾರೆ. ಐದು ತಿಂಗಳು ಒಂದೂ ಪಂದ್ಯ ಗೆಲ್ಲದೆ, ಇನ್ನು ಸಾಕು ಎಂದು ಹೆಂಡತಿಗೆ ಸಂದೇಶ ಕಳಿಸಿದ್ದೆ ಎಂದು ಮೆಲ್ಬರ್ನ್‌ನಲ್ಲಿ ಟ್ರೋಫಿ ಪಕ್ಕ ನಿಂತೇ ಹೇಳಿದರು. ಡಬಲ್ಸ್‌ನಲ್ಲಿ ಸೋಲಿನ ಸರಣಿಗೆ ಇನ್ನೊಂದು ಅಪಾಯವಿದೆ. ರ‍್ಯಾಂಕಿಂಗ್ ಕುಸಿದರೆ ಒಳ್ಳೆಯ ಜೊತೆಗಾರ ಸಿಗುವುದಿಲ್ಲ, ಒಳ್ಳೆಯ ಜೊತೆಗಾರ ಇಲ್ಲದೆ ರ‍್ಯಾಂಕಿಂಗ್ ಏರುವುದಿಲ್ಲ. ಟೂರ್ನಿಗೆ ಪ್ರವೇಶ ಸಿಗುವುದು ಇಬ್ಬರ ಸ್ಥಾನವನ್ನು ಕೂಡಿಸಿ ನೋಡಿದ ಮೇಲೆ. ನಲವತ್ತೊಂದು ವರ್ಷದ, ಮಂಡಿ ಸವೆದ, ಸೋಲುತ್ತಿರುವ ಆಟಗಾರನಿಗೆ ಯಾರು ಫೋನ್ ಮಾಡುತ್ತಾರೆ?

ಈ ಸೋಲುಗಳ ಹಿಂದೆ ಮುಂದೆ ನಿಧಾನವಾಗಿ ಇನ್ನೊಂದು ಕೆಲಸ ನಡೆದಿತ್ತು. ಕೊರೊನಾ ಕಾಲದಲ್ಲಿ ಆಟ ನಿಂತಾಗ ಬೆಂಗಳೂರಿನಲ್ಲಿ ಅವರು ಅಯ್ಯಂಗಾರ್ ಯೋಗ ಕಲಿಯಲು ಹೋಗತೊಡಗಿದ್ದರು. ಅದರ ಮೂಲ ಪುರುಷ ಬಿ.ಕೆ.ಎಸ್. ಅಯ್ಯಂಗಾರ್ ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನವರು, 1918ರಲ್ಲಿ ಹುಟ್ಟಿದವರು. ಮಲೇರಿಯಾ, ಟೈಫಾಯಿಡ್, ಕ್ಷಯದಿಂದ ನಲುಗಿದ ಬಾಲಕನಾಗಿ ಮೈಸೂರಿಗೆ ಬಂದು, ಅಕ್ಕನ ಗಂಡ ತಿರುಮಲೈ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತು, 1937ರಲ್ಲಿ ಪುಣೆಗೆ ಹೋಗಿ ನೆಲೆಸಿದರು. ಬಾಗದ ಮೈಯನ್ನು ಹೇಗೆ ಬಾಗಿಸುವುದು ಎಂಬುದು ಅವರಿಗೆ ಪುಸ್ತಕದ ಪ್ರಶ್ನೆಯಾಗಿರಲಿಲ್ಲ, ಸ್ವಂತ ಮೈಯ ಪ್ರಶ್ನೆಯಾಗಿತ್ತು. ಅದಕ್ಕೇ ಅವರ ಪದ್ಧತಿಯ ತರಗತಿಗೆ ಹೋದರೆ ಗೋಡೆಗೆ ಕಟ್ಟಿದ ಹಗ್ಗ, ಮರದ ಇಟ್ಟಿಗೆ, ಬೆಲ್ಟು, ದಿಂಬು, ಮಡಚಿಟ್ಟ ಕಂಬಳಿ, ಕಬ್ಬಿಣದ ಕುರ್ಚಿ ಕಾಣುತ್ತವೆ. ತ್ರಿಕೋನಾಸನದಲ್ಲಿ ಕೈ ನೆಲ ಮುಟ್ಟದವನಿಗೆ ಇಟ್ಟಿಗೆ ಕೊಡುತ್ತಾರೆ. ನೆಲವೇ ಅಷ್ಟು ಮೇಲೆ ಬಂತು ಎಂದುಕೊಂಡು ಅವನು ಅಲ್ಲೇ ನಿಲ್ಲಬೇಕು. ಮಂಡಿಯ ಚಿಪ್ಪನ್ನು ಮೇಲಕ್ಕೆಳೆದು, ಪಾದದ ಹೊರ ಅಂಚು ನೆಲಕ್ಕೊತ್ತಿ, ನಿಮಿಷಗಟ್ಟಲೆ ಹಾಗೇ ನಿಲ್ಲಬೇಕು. ನೋಡುವವರಿಗೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ನಿಂತವನ ತೊಡೆ ನಡುಗುತ್ತಿರುತ್ತದೆ.

ಇದರಿಂದ ಸವೆದ ಮೃದ್ವಸ್ಥಿ ಮರಳಿ ಬೆಳೆಯಿತೆಂದು ಯಾರಾದರೂ ಹೇಳಿದರೆ ನಂಬಬೇಡಿ. ಆಗುವುದು ಬೇರೆ. ಮಂಡಿಯನ್ನು ಹಿಡಿದಿಡುವ ತೊಡೆಯ ಮುಂಭಾಗದ ಸ್ನಾಯು, ಸೊಂಟದ ಸುತ್ತಲಿನ ಸ್ನಾಯುಗಳು ಬಲಗೊಂಡರೆ ಕೀಲಿನ ಮೇಲೆ ಬೀಳುವ ಭಾರವನ್ನು ಅವು ಹಂಚಿಕೊಳ್ಳುತ್ತವೆ. ಕಾಲು ನೇರ ಗೆರೆಯಲ್ಲಿ ಬಾಗಿದರೆ ಸವೆದ ಜಾಗವೇ ಮತ್ತೆ ಮತ್ತೆ ಉಜ್ಜುವುದು ತಪ್ಪುತ್ತದೆ. ನೋವು ಕಡಿಮೆಯಾದರೆ ಮಾತ್ರೆ ಬೇಡ. ಬೋಪಣ್ಣ ನೋವಿನ ಮಾತ್ರೆಯಿಂದ ಹೊರಬಂದರು, ಜೊತೆಗೆ ಮನಸ್ಸು ತಿಳಿಯಾಯಿತು, ಅಂಗಳದಲ್ಲಿ ಯೋಚನೆಗೆ ಹೆಚ್ಚು ಸಮಯ ಸಿಕ್ಕಂತಾಯಿತು ಎಂದೂ ಹೇಳಿದ್ದಾರೆ. ಎರಡನೆಯದನ್ನು ಅಳೆಯಲು ಯಾವ ಮಾಪಕವೂ ಇಲ್ಲ. ಮೊದಲನೆಯದೇ ಸಾಕಷ್ಟು ದೊಡ್ಡದು. ಬಹುಕಾಲದ ಕೋಚ್ ಸ್ಕಾಟ್ ಡೇವಿಡಾಫ್ ಅವರನ್ನೂ ಫಿಸಿಯೊವನ್ನೂ ಜೊತೆಗೇ ಇಟ್ಟುಕೊಂಡರು. ಗಳಿಕೆ ಇಳಿದಾಗ ಹೆಚ್ಚಿನವರು ಮೊದಲು ಕಡಿತ ಮಾಡುವ ಖರ್ಚು ಅದೇ.

ಫಲ ಕಾಣಲು ಒಂದು ವರ್ಷ ಬೇಕಾಯಿತು. 2022ರ ಫ್ರೆಂಚ್ ಓಪನ್‌ನಲ್ಲಿ ನೆದರ್ಲೆಂಡ್ಸ್‌ನ ಮಾಟ್ವೆ ಮಿಡಲ್‌ಕೂಪ್ ಜೊತೆ ಸೆಮಿಫೈನಲ್ ತಲುಪಿ, ಮೂರನೇ ಸೆಟ್‌ನ ಟೈಬ್ರೇಕ್‌ನಲ್ಲಿ ಕೂದಲೆಳೆಯಲ್ಲಿ ಸೋತರು. ಗೆದ್ದ ಜೋಡಿಯಲ್ಲಿದ್ದವರು 40 ವರ್ಷದ ಜಾನ್ ಜೂಲಿಯನ್ ರೋಜರ್. ಅವರು ಆ ಟೂರ್ನಿಯನ್ನೇ ಗೆದ್ದು, ಓಪನ್ ಯುಗದಲ್ಲಿ ಪುರುಷರ ಡಬಲ್ಸ್ ಗ್ರ್ಯಾನ್‌ಸ್ಲಾಮ್ ಗೆದ್ದ ಅತಿ ಹಿರಿಯ ಎನಿಸಿಕೊಂಡರು. ಮೆಲ್ಬರ್ನ್‌ನಲ್ಲಿ ಬೋಪಣ್ಣ ಅಳಿಸಿದ್ದು ಅದೇ ದಾಖಲೆಯನ್ನು.

2023ರ ಆರಂಭದಲ್ಲಿ, ಮುಂದೆ ಮೆಲ್ಬರ್ನ್‌ನಲ್ಲಿ ಅವರೊಂದಿಗೆ ಟ್ರೋಫಿ ಎತ್ತಿದ ಮ್ಯಾಥ್ಯೂ ಎಬ್ಡೆನ್ ಜೊತೆಯಾದರು. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ಬೆಳೆದ ಎಬ್ಡೆನ್, ಬೋಪಣ್ಣ ಅವರಿಗಿಂತ ಏಳೆಂಟು ವರ್ಷ ಚಿಕ್ಕವರು, ಆ ಹಿಂದಿನ ವರ್ಷವಷ್ಟೇ ವಿಂಬಲ್ಡನ್ ಡಬಲ್ಸ್ ಗೆದ್ದವರು. ಚುರುಕು ಕಾಲಿನವರು, ರಿಟರ್ನ್‌ನಲ್ಲಿ ಪಳಗಿದವರು. ದೊಡ್ಡ ಸರ್ವ್ ಒಬ್ಬರದು, ಓಟ ಇನ್ನೊಬ್ಬರದು. ಆ ಮಾರ್ಚ್‌ನಲ್ಲೇ ಇಂಡಿಯನ್ ವೆಲ್ಸ್‌ನಲ್ಲಿ ಅಗ್ರ ಶ್ರೇಯಾಂಕದ ವೆಸ್ಲಿ ಕೂಲ್‌ಹಾಫ್ – ನೀಲ್ ಸ್ಕುಪ್‌ಸ್ಕಿ ಜೋಡಿಯನ್ನು 6-3, 2-6, 10-8ರಿಂದ ಸೋಲಿಸಿದಾಗ ಮಾಸ್ಟರ್ಸ್ 1000 ಟೂರ್ನಿ ಗೆದ್ದ ಅತಿ ಹಿರಿಯ ಎಂಬ ದಾಖಲೆ ಬೋಪಣ್ಣ ಅವರದಾಯಿತು. ಮೊದಲು ಅದು ಕೆನಡಾದ ಡೇನಿಯಲ್ ನೆಸ್ಟರ್ ಅವರದು. ನಿನ್ನ ದಾಖಲೆ ಮುರಿಯುತ್ತಿದ್ದೇನೆ, ಕ್ಷಮಿಸು ಎಂದು ನೆಸ್ಟರ್‌ಗೆ ಮೊದಲೇ ಹೇಳಿದ್ದೆ ಎಂದು ಗೆದ್ದ ಮೇಲೆ ನಗೆಯಾಡಿದರು.

ಸೆಪ್ಟೆಂಬರ್‌ನಲ್ಲಿ ಅಮೆರಿಕ ಓಪನ್ ಫೈನಲ್. 2010ರ ನಂತರ ಪುರುಷರ ಡಬಲ್ಸ್‌ನಲ್ಲಿ ಅವರ ಎರಡನೇ ಗ್ರ್ಯಾನ್‌ಸ್ಲಾಮ್ ಫೈನಲ್ ಅದು, ನಡುವೆ ಹದಿಮೂರು ವರ್ಷ. ನಿರ್ಣಾಯಕ ಸೆಟ್‌ನಲ್ಲಿ ಒಂದು ಪಾಯಿಂಟ್ ಇವರ ಜೋಡಿಗೆ ಬಂತು. ಬೋಪಣ್ಣ ಅಂಪೈರ್ ಕಡೆ ತಿರುಗಿ, ಚೆಂಡು ತಮ್ಮ ಕೈಗೆ ಸವರಿತ್ತು, ಪಾಯಿಂಟ್ ಎದುರಾಳಿಗಳದು ಎಂದರು. ಅಂಪೈರ್ ಅದನ್ನು ನೋಡಿರಲಿಲ್ಲ. ರಾಜೀವ್ ರಾಮ್ – ಜೋ ಸಾಲಿಸ್‌ಬರಿ ಆ ಪಂದ್ಯ ಗೆದ್ದರು. ಹದಿಮೂರು ವರ್ಷ ಕಾದು ಬಂದ ಫೈನಲ್‌ನಲ್ಲಿ, 43ರ ವಯಸ್ಸಿನಲ್ಲಿ, ಇನ್ನೊಂದು ಅವಕಾಶ ಇದೆಯೋ ಇಲ್ಲವೋ ಗೊತ್ತಿಲ್ಲದಾಗ ಹಾಗೆ ಹೇಳುವುದು ಸಣ್ಣ ಮಾತಲ್ಲ. ನನ್ನನ್ನು ಕೇಳಿದರೆ ಅವರ ಇಡೀ ಆಟದ ಬದುಕಿನಲ್ಲಿ ಅದಕ್ಕಿಂತ ಒಳ್ಳೆಯ ಪಾಯಿಂಟ್ ಇನ್ನೊಂದಿಲ್ಲ.

ಅವಕಾಶ ನಾಲ್ಕೇ ತಿಂಗಳಲ್ಲಿ ಬಂತು, ಬಂದದ್ದು ಸಲೀಸಾಗಿ ಅಲ್ಲ. ಮೆಲ್ಬರ್ನ್‌ನ ಮೊದಲ ಸುತ್ತಿನಲ್ಲೇ ಆಸ್ಟ್ರೇಲಿಯಾದ ಇಬ್ಬರು ಇವರನ್ನು ಮೂರನೇ ಸೆಟ್‌ನ ಟೈಬ್ರೇಕ್ ತನಕ ಎಳೆದರು. ಕ್ವಾರ್ಟರ್‌ಫೈನಲ್ ಗೆದ್ದೊಡನೆ ಅಗ್ರಪಟ್ಟ ಖಾತ್ರಿಯಾಯಿತು. ಸೆಮಿಫೈನಲ್‌ನಲ್ಲಿ ಚೆಕ್ ಗಣರಾಜ್ಯದ ಥಾಮಸ್ ಮಖಾಚ್, ಚೀನಾದ ಜಾಂಗ್ ಜಿಝೆನ್ ಮತ್ತೆ ಟೈಬ್ರೇಕ್ ತನಕ ಕಾಡಿದರು. ಫೈನಲ್‌ನ ಮೊದಲ ಸೆಟ್ 6-6 ಆದಾಗ ಟೈಬ್ರೇಕ್‌ನಲ್ಲಿ ಇಟಲಿಯವರಿಗೆ ಒಂದು ಪಾಯಿಂಟನ್ನೂ ಬಿಡದೆ 7-0 ಮಾಡಿ ಮುಗಿಸಿದರು. ಎರಡನೆಯದು 7-5. ಅನುಭವ ಎಂದು ನಾವು ಸುಮ್ಮನೆ ಹೇಳುತ್ತಿರುತ್ತೇವೆ. ಅದು ಕಾಣಿಸುವುದು ಇಂಥ ಅಂಕೆಯಲ್ಲಿ. ಹನ್ನೆರಡು ಗೇಮ್ ಸಮ ಸಮ ಆಡಿದವರ ಎದುರು ಹದಿಮೂರನೆಯದರಲ್ಲಿ ಏಳಕ್ಕೆ ಸೊನ್ನೆ. ಪುರುಷರ ಡಬಲ್ಸ್‌ನಲ್ಲಿ ಅದು ಅವರ 61ನೇ ಗ್ರ್ಯಾನ್‌ಸ್ಲಾಮ್ ಪ್ರಯತ್ನ, ಎಬ್ಡೆನ್ 19ನೇ ಜೊತೆಗಾರ. ಅದೇ ವರ್ಷ ಪದ್ಮಶ್ರೀ ಬಂತು. ಮಾರ್ಚ್‌ನಲ್ಲಿ 44 ತುಂಬಿದ ಮೇಲೆ ಮಯಾಮಿ ಗೆದ್ದು ತಮ್ಮದೇ ಮಾಸ್ಟರ್ಸ್ ದಾಖಲೆಯನ್ನು ಮತ್ತೊಂದು ವರ್ಷ ಮುಂದಕ್ಕೆ ತಳ್ಳಿದರು.

ಡಬಲ್ಸ್ ಎರಡನೇ ದರ್ಜೆಯ ಆಟ, ಸಿಂಗಲ್ಸ್‌ನ ಘಟಾನುಘಟಿಗಳು ಅಲ್ಲಿ ಆಡುವುದಿಲ್ಲ, ಆದ್ದರಿಂದ ಈ ಅಗ್ರಪಟ್ಟಕ್ಕೆ ಅಷ್ಟು ತೂಕವಿಲ್ಲ ಎನ್ನುವವರಿದ್ದಾರೆ. ಅರ್ಧ ನಿಜ. ಸಿನ್ನರ್, ಅಲ್ಕರಾಜ್ ವರ್ಷವಿಡೀ ಡಬಲ್ಸ್ ಆಡಿದರೆ ಪಟ್ಟಿ ಬದಲಾದೀತು. ಆದರೆ ಸಿಂಗಲ್ಸ್‌ನ ಎಷ್ಟೋ ಒಳ್ಳೆಯ ಆಟಗಾರರು ಆಗೊಮ್ಮೆ ಈಗೊಮ್ಮೆ ಡಬಲ್ಸ್‌ಗೆ ಇಳಿದು, ಪಳಗಿದ ಜೋಡಿಗಳ ಕೈಯಲ್ಲಿ ಸೋತು ಹೋಗುವುದನ್ನೂ ನೋಡುತ್ತೇವೆ. ನನಗೆ ಕಾಡುವ ತಕರಾರು ಬೇರೆಯದು. ಒಂದು ದೇಶದ ಪುರುಷರ ಟೆನಿಸ್‌ನ ದೊಡ್ಡ ಸುದ್ದಿ 43ರ ಆಟಗಾರನದು ಎಂದರೆ ಅದು ಅವರ ಹಿರಿಮೆ, ದೇಶದ ಬಡತನ. ಪೇಸ್, ಭೂಪತಿ, ಸಾನಿಯಾ, ಬೋಪಣ್ಣ, ಡಬಲ್ಸ್‌ನಲ್ಲಿ ನಾಲ್ಕು ಅಗ್ರಪಟ್ಟ ಸಿಕ್ಕಿತು. ಸಿಂಗಲ್ಸ್‌ನಲ್ಲಿ ಗ್ರ್ಯಾನ್‌ಸ್ಲಾಮ್‌ನ ಎರಡನೇ ವಾರ ಆಡುವ ಭಾರತೀಯನನ್ನು ನೋಡಿ ದಶಕಗಳೇ ಕಳೆದಿವೆ. 11ಕ್ಕೆ ಶುರುಮಾಡಿ, 23ಕ್ಕೆ ವೃತ್ತಿಪರರಾಗಿ, 27ರ ತನಕ ದಾರಿ ಹುಡುಕಿದವರಿಗೆ ಗೆಲುವು ತಡವಾಗಿ ಬಂದದ್ದರಲ್ಲಿ ಆಶ್ಚರ್ಯವೇನಿದೆ? ಅವರ ಗಡಿಯಾರ ಶುರುವಾದದ್ದೇ ತಡ.

ದೇಶದ ಪರ ಕೊನೆಯ ಆಟ ಅಷ್ಟು ಚೆಂದ ಇರಲಿಲ್ಲ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಶ್ರೀರಾಮ್ ಬಾಲಾಜಿ ಜೊತೆ ಮೊದಲ ಸುತ್ತಿನಲ್ಲೇ ಫ್ರಾನ್ಸ್ ಜೋಡಿಗೆ ಸೋತು, ಭಾರತದ ಪರ ಇನ್ನು ಆಡುವುದಿಲ್ಲ ಎಂದರು. ಅದೇ ಒಲಿಂಪಿಕ್ಸ್‌ನಲ್ಲಿ ಎಬ್ಡೆನ್ ತಮ್ಮ ದೇಶದ ಜಾನ್ ಪಿಯರ್ಸ್ ಜೊತೆ ಚಿನ್ನ ಗೆದ್ದರು. ವರ್ಷದ ಕೊನೆಗೆ ಎಬ್ಡೆನ್–ಬೋಪಣ್ಣ ಜೋಡಿಯೂ ಬೇರೆಯಾಯಿತು. 2025ರಲ್ಲಿ ಬೋಪಣ್ಣ ಊರೂರಿಗೆ ಬೇರೆ ಬೇರೆ ಜೊತೆಗಾರರೊಂದಿಗೆ ಆಡಿದರು. ಮಾಂಟೆ ಕಾರ್ಲೊದಲ್ಲಿ ತಮ್ಮ ಅರ್ಧ ವಯಸ್ಸಿನ ಬೆನ್ ಶೆಲ್ಟನ್ ಜೊತೆ ಪಂದ್ಯ ಗೆದ್ದಾಗ ಅವರಿಗೆ 45. ಟೋಕಿಯೊದಲ್ಲಿ ಜಪಾನಿನ ಟಕೆರು ಯುಜುಕಿ ಜೊತೆ ಫೈನಲ್ ಆಡಿ ಸೋತರು. ಪ್ಯಾರಿಸ್ ಮಾಸ್ಟರ್ಸ್‌ನಲ್ಲಿ ಅಲೆಕ್ಸಾಂಡರ್ ಬುಬ್ಲಿಕ್ ಜೊತೆ ಆಡಿ ಸೋತದ್ದು ಕೊನೆಯ ಪಂದ್ಯ; ಎದುರು ಬದಿಯಲ್ಲಿ ಇದ್ದವರಲ್ಲಿ ಒಬ್ಬರು ಅದೇ ಪಿಯರ್ಸ್. ನವೆಂಬರ್ 1ರಂದು ನಿವೃತ್ತಿ ಪ್ರಕಟಿಸಿದರು.

ಅವರು ಡೇವಿಸ್ ಕಪ್‌ಗೆ ವಿದಾಯ ಹೇಳಿದ್ದು 2023ರ ಸೆಪ್ಟೆಂಬರ್‌ನಲ್ಲಿ ಲಖನೌನಲ್ಲಿ, ಮೊರಾಕ್ಕೊ ಎದುರು. ಅಂದು ಪಕ್ಕದಲ್ಲಿದ್ದ ಜೊತೆಗಾರ ಯೂಕಿ ಭಾಂಬ್ರಿ. ಒಂದು ಕಾಲದಲ್ಲಿ ಜೂನಿಯರ್ ಸಿಂಗಲ್ಸ್‌ನಲ್ಲಿ ವಿಶ್ವದ ಅಗ್ರ ಆಟಗಾರ, ಹಿರಿಯರ ಪಟ್ಟಿಯಲ್ಲಿ 83ರ ತನಕ ಏರಿದವರು. ಅವರಿಗೂ ಕೈಕೊಟ್ಟದ್ದು ಮಂಡಿಯೇ. ಮೂವತ್ತರ ಹೊತ್ತಿಗೆ ಸಿಂಗಲ್ಸ್ ಬಿಟ್ಟು ಡಬಲ್ಸ್ ಹಿಡಿದರು. 2025ರ ಅಮೆರಿಕ ಓಪನ್‌ನಲ್ಲಿ ನ್ಯೂಜಿಲೆಂಡ್‌ನ ಮೈಕೆಲ್ ವೀನಸ್ ಜೊತೆ ಸೆಮಿಫೈನಲ್ ಆಡಿದಾಗ ಭಾಂಬ್ರಿ ಅವರಿಗೆ 33. ಬೋಪಣ್ಣ ಅವರ ಲೆಕ್ಕ ಹಿಡಿದರೆ ಇನ್ನೂ ಹತ್ತು ವರ್ಷ ಬಾಕಿ.